ಐಬಿಡಿ ಇದ್ದವರ ಶಸ್ತ್ರಚಿಕಿತ್ಸೆ: ಅರ್ಧ ಕೆಲಸ ಮೊದಲೇ ಮುಗಿದಿರಬೇಕು

ಹರ್ನಿಯಾಕ್ಕೋ ಮೊಣಕಾಲಿಗೋ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು ಸಾಮಾನ್ಯವಾಗಿ ಉಳಿದ ಮಟ್ಟಿಗೆ ಗಟ್ಟಿಯಾಗಿಯೇ ಇರುತ್ತಾರೆ. ಕರುಳಿನ ಉರಿಯೂತದ ಕಾಯಿಲೆ, ಅಂದರೆ ಐಬಿಡಿ, ಇರುವವರು ಶಸ್ತ್ರಚಿಕಿತ್ಸಕರ ಎದುರು ಕೂರುವ ಹೊತ್ತಿಗೆ ಕಥೆ ಬೇರೆಯಾಗಿರುತ್ತದೆ. ತಿಂಗಳುಗಟ್ಟಲೆ ಭೇದಿಯಾಗಿ ತೂಕ ಇಳಿದಿರುತ್ತದೆ. ಮಲದಲ್ಲಿ ರಕ್ತ ಹೋಗಿ ಹಿಮೋಗ್ಲೋಬಿನ್ ತಗ್ಗಿರುತ್ತದೆ. ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಒಂದೆರಡು ಔಷಧಗಳು, ಜೊತೆಗೆ ಸ್ಟಿರಾಯ್ಡ್, ನಡೆಯುತ್ತಿರುತ್ತವೆ. ಕೆಲವರ ಹೊಟ್ಟೆಯೊಳಗೆ ಕೀವು ಕೂಡ ಇರುತ್ತದೆ. ಹೊಲಿಗೆ ಹಾಕಿದ ಕರುಳು ಬೆಸೆದುಕೊಳ್ಳಲು ಪ್ರೋಟೀನ್ ಬೇಕು, ಆಮ್ಲಜನಕ ಹೊತ್ತು ತರುವ ರಕ್ತ ಬೇಕು, ಸೋಂಕನ್ನು ತಡೆಯುವ ತಾಕತ್ತು ಬೇಕು. ಈ ಮೂರಕ್ಕೂ ಕಾಯಿಲೆ ಮೊದಲೇ ಕನ್ನ ಹಾಕಿರುತ್ತದೆ.

ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚಿನ ನಾಲ್ಕಾರು ವಾರಗಳನ್ನು ಬರೀ ಕಾಯುವ ಅವಧಿ ಎಂದುಕೊಳ್ಳಬಾರದು. ಅದೂ ಚಿಕಿತ್ಸೆಯೇ. ಈ ವಾರಗಳಲ್ಲಿ ಸರಿಪಡಿಸಬಹುದಾದದ್ದು ಬಹಳಷ್ಟಿದೆ, ಅದರಲ್ಲಿ ಗಣನೀಯ ಪಾಲು ರೋಗಿಯ ಕೈಯಲ್ಲೇ ಇದೆ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಕಳೆಯುವ ಶಕ್ತಿಯ ಸ್ವಲ್ಪ ಭಾಗವನ್ನಾದರೂ ಯಾವ ಸ್ಥಿತಿಯಲ್ಲಿ ಮೇಜಿನ ಮೇಲೆ ಮಲಗುತ್ತೇವೆ ಎಂಬುದರ ಕಡೆಗೆ ತಿರುಗಿಸಿದರೆ ಲಾಭ ದೊಡ್ಡದು.

ಎರಡು ಕಾಯಿಲೆ, ಎರಡು ಲೆಕ್ಕಾಚಾರ

ಐಬಿಡಿ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತ. ಗುದನಾಳದಲ್ಲಿ ಆರಂಭವಾಗಿ ಮೇಲಕ್ಕೆ ಹಬ್ಬುತ್ತದೆ, ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು, ಕರುಳಿನ ಗೋಡೆಯನ್ನು ಆರಪಾರಾಗಿ ಕೊರೆಯಬಹುದು. ಅಮೆರಿಕದ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1932ರಲ್ಲಿ ಇದನ್ನು ವಿವರಿಸಿದ್ದು ಸಣ್ಣ ಕರುಳಿನ ಕೊನೆಯ ಭಾಗದ ಕಾಯಿಲೆಯಾಗಿ. ಇಂದಿಗೂ ಅದು ಹೆಚ್ಚಾಗಿ ಕಾಡುವ ಜಾಗ ಅದೇ.

ಈ ವ್ಯತ್ಯಾಸದಿಂದಲೇ ಶಸ್ತ್ರಚಿಕಿತ್ಸೆಯ ಉದ್ದೇಶವೂ ಬೇರೆಯಾಗುತ್ತದೆ. ಕೊಲೈಟಿಸ್‌ನಲ್ಲಿ ದೊಡ್ಡ ಕರುಳು ಮತ್ತು ಗುದನಾಳವನ್ನು ತೆಗೆದರೆ ಕಾಯಿಲೆಗೆ ನೆಲೆಯೇ ಇಲ್ಲದಂತಾಗುತ್ತದೆ. ಔಷಧಕ್ಕೆ ಬಗ್ಗದ ತೀವ್ರ ಉಲ್ಬಣ, ವರ್ಷಗಟ್ಟಲೆ ಹತೋಟಿಗೆ ಬಾರದ ಕಾಯಿಲೆ, ಕ್ಯಾನ್ಸರ್ ಅಥವಾ ಅದರ ಮುನ್ಸೂಚನೆಯ ಬದಲಾವಣೆಗಳು ಇದಕ್ಕೆ ಸಾಮಾನ್ಯ ಕಾರಣಗಳು. ಕರುಳು ತೆಗೆದ ಮೇಲೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತಂದು ಶಾಶ್ವತ ಸ್ಟೋಮಾ ಮಾಡಬಹುದು. ಇಲ್ಲವೇ ಅದೇ ಸಣ್ಣ ಕರುಳನ್ನು ಮಡಿಸಿ ಒಳಗೇ ಒಂದು ಚೀಲ ರಚಿಸಿ ಗುದದ್ವಾರಕ್ಕೆ ಜೋಡಿಸಬಹುದು. ಲಂಡನ್ನಿನ ಪಾರ್ಕ್ಸ್ ಮತ್ತು ನಿಕೋಲ್ಸ್ 1978ರಲ್ಲಿ ವಿವರಿಸಿದ ಈ ವಿಧಾನದ ಈಗಿನ ರೂಪವೇ ಜೆ-ಪೌಚ್. ಇದು ಸಾಮಾನ್ಯವಾಗಿ ಒಂದೇ ಬಾರಿಗೆ ಮುಗಿಯುವ ಕೆಲಸವಲ್ಲ, ಎರಡು ಅಥವಾ ಮೂರು ಹಂತಗಳಲ್ಲಿ ನಡೆಯುತ್ತದೆ. ಹೆಚ್ಚು ಸ್ಟಿರಾಯ್ಡ್ ಮೇಲಿರುವವರಿಗೆ, ಸೊರಗಿ ಹೋದವರಿಗೆ ಮೂರು ಹಂತಗಳ ದಾರಿಯನ್ನೇ ಆರಿಸುವುದು ಹೆಚ್ಚು: ಮೊದಲು ದೊಡ್ಡ ಕರುಳು ತೆಗೆದು ತಾತ್ಕಾಲಿಕ ಸ್ಟೋಮಾ, ಚೇತರಿಸಿಕೊಂಡ ಮೇಲೆ ಪೌಚ್, ಕೊನೆಗೆ ಸ್ಟೋಮಾ ಮುಚ್ಚುವುದು. ಈ ಕ್ಯಾಲೆಂಡರನ್ನು ಮೊದಲೇ ತಿಳಿದುಕೊಂಡರೆ ಕೆಲಸದ ರಜೆ, ಮನೆಯ ಏರ್ಪಾಡು ಎಲ್ಲವೂ ಸುಲಭ. ಒಂದೇ ಆಪರೇಷನ್ ಎಂದು ನಂಬಿ ಬಂದವರಿಗೆ ಎರಡನೆಯದರ ಸುದ್ದಿ ಮೊದಲನೆಯದರ ನೋವಿಗಿಂತ ಹೆಚ್ಚು ಚುಚ್ಚುತ್ತದೆ.

ಕ್ರೋನ್ಸ್‌ನಲ್ಲಿ ಶಸ್ತ್ರಚಿಕಿತ್ಸೆ ಕಾಯಿಲೆಯನ್ನು ಬುಡಸಮೇತ ಕೀಳುವುದಿಲ್ಲ. ಕಿರಿದಾದ ಭಾಗ, ಫಿಸ್ಟುಲಾ (ಕರುಳಿನಿಂದ ಪಕ್ಕದ ಅಂಗಕ್ಕೋ ಚರ್ಮಕ್ಕೋ ಕೊರೆದ ಅಸಹಜ ದಾರಿ), ಕೀವು, ಹೀಗೆ ಕಾಯಿಲೆ ಉಂಟುಮಾಡಿದ ಹಾನಿಯನ್ನು ಸರಿಪಡಿಸುತ್ತದೆ. ಕರುಳನ್ನು ಆದಷ್ಟೂ ಉಳಿಸುವುದೇ ಇಲ್ಲಿನ ನೀತಿ. ಹಾಳಾದಷ್ಟನ್ನೇ ಕತ್ತರಿಸುತ್ತಾರೆ, ಸಾಧ್ಯವಿದ್ದಲ್ಲಿ ಕಿರಿದಾದ ಭಾಗವನ್ನು ತೆಗೆಯದೆ ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲಗೊಳಿಸುತ್ತಾರೆ.

ಶಸ್ತ್ರಚಿಕಿತ್ಸೆ ಎಂದರೆ ಔಷಧಗಳೆಲ್ಲ ಸೋತ ಮೇಲಿನ ಕೊನೆಯ ಮೆಟ್ಟಿಲು ಎಂಬ ಭಾವನೆ ಗಟ್ಟಿಯಾಗಿ ಬೇರೂರಿದೆ. ಅದು ಎಲ್ಲ ಸಂದರ್ಭಗಳಲ್ಲೂ ನಿಜವಲ್ಲ. ಸಣ್ಣ ಕರುಳಿನ ಕೊನೆಯಲ್ಲಿ ಚಿಕ್ಕ ಭಾಗಕ್ಕೆ ಸೀಮಿತವಾದ ಕ್ರೋನ್ಸ್ ಇದ್ದವರಲ್ಲಿ ಲ್ಯಾಪರೊಸ್ಕೋಪಿಕ್ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ) ಶಸ್ತ್ರಚಿಕಿತ್ಸೆಯನ್ನು ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಔಷಧದೊಂದಿಗೆ ಹೋಲಿಸಿದ ಯುರೋಪಿನ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಬದುಕಿನ ಗುಣಮಟ್ಟದಲ್ಲಿ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿದ್ದವು. ಅಂಥವರು ಶಸ್ತ್ರಚಿಕಿತ್ಸೆಯನ್ನು ಸೋಲೆಂದು ಭಾವಿಸಿ ಮುಂದೂಡುತ್ತಾ ಹೋಗುವುದಕ್ಕೆ ಕಾರಣವಿಲ್ಲ.

ಸಮಯವನ್ನು ನಾವು ಆರಿಸಬೇಕು, ಕಾಯಿಲೆಯಲ್ಲ

ಮುಂದೂಡುವುದರ ನಿಜವಾದ ಅಪಾಯ ತುರ್ತು ಶಸ್ತ್ರಚಿಕಿತ್ಸೆ. ಕರುಳು ತೂತಾದಾಗ, ನಿಲ್ಲದ ರಕ್ತಸ್ರಾವವಾದಾಗ, ದೊಡ್ಡ ಕರುಳು ಊದಿಕೊಂಡು ವಿಷಮ ಸ್ಥಿತಿಗೆ ತಲುಪಿದಾಗ ತಯಾರಿಗೆ ಗಂಟೆಗಳಷ್ಟೇ ಸಿಗುತ್ತವೆ. ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ತುರ್ತಿನಲ್ಲಿ ಮಾಡುವುದರಲ್ಲಿ ಸಾವಿನ ಅಪಾಯವೂ ತೊಡಕುಗಳೂ ಹೆಚ್ಚು. ಉರಿಯುತ್ತಿರುವ, ಊದಿದ ಕರುಳಿಗೆ ಹೊಲಿಗೆ ಹಾಕುವುದು ಒದ್ದೆ ಕಾಗದಕ್ಕೆ ಹೊಲಿಗೆ ಹಾಕಿದಂತೆ. ದಾರ ಗಟ್ಟಿ, ಹಿಡಿಯುವ ವಸ್ತು ಮೆತ್ತಗೆ.

ಹೊಟ್ಟೆಯೊಳಗೆ ಕೀವುಗಟ್ಟಿದ ಗಂಟು ಇದ್ದಾಗ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಮೊದಲೆಲ್ಲ ನೇರವಾಗಿ ಹೊಟ್ಟೆ ತೆರೆಯುತ್ತಿದ್ದರು. ಈಗ ಸಾಧ್ಯವಿದ್ದಲ್ಲೆಲ್ಲ ಅಲ್ಟ್ರಾಸೌಂಡ್ ಅಥವಾ ಸಿಟಿ ಸ್ಕ್ಯಾನ್ ನೋಡುತ್ತಾ ಚರ್ಮದ ಮೂಲಕ ಸಣ್ಣ ಕೊಳವೆ ಇಳಿಸಿ ಕೀವನ್ನು ಹೊರತೆಗೆಯುತ್ತಾರೆ, ಆ್ಯಂಟಿಬಯಾಟಿಕ್ ಕೊಡುತ್ತಾರೆ, ಪೋಷಣೆ ಕೊಟ್ಟು ರೋಗಿಯನ್ನು ಚೇತರಿಸಿಕೊಳ್ಳಲು ಬಿಡುತ್ತಾರೆ. ಕೆಲವು ವಾರಗಳ ನಂತರ ಶಾಂತವಾದ ಹೊಟ್ಟೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಆಗ ತೆಗೆಯಬೇಕಾದ ಕರುಳೂ ಕಡಿಮೆ, ಸ್ಟೋಮಾ ಬೇಕಾಗುವ ಸಂಭವವೂ ಕಡಿಮೆ.

ತೀವ್ರ ಕೊಲೈಟಿಸ್‌ನಿಂದ ಆಸ್ಪತ್ರೆ ಸೇರಿದವರ ಲೆಕ್ಕ ದಿನಗಳದ್ದು. ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿ, ಜೊತೆಗೆ ಜ್ವರ, ಏರಿದ ನಾಡಿಬಡಿತ, ರಕ್ತಹೀನತೆ ಅಥವಾ ರಕ್ತಪರೀಕ್ಷೆಯಲ್ಲಿ ಉರಿಯೂತದ ಗುರುತು ಇದ್ದರೆ ಅದನ್ನು ತೀವ್ರ ಎಂದು ಪರಿಗಣಿಸುವ ಅಳತೆಗೋಲನ್ನು ಟ್ರೂಲವ್ ಮತ್ತು ವಿಟ್ಸ್ 1955ರಲ್ಲೇ ಕೊಟ್ಟಿದ್ದಾರೆ. ಇಂಥವರಿಗೆ ರಕ್ತನಾಳದ ಮೂಲಕ ಸ್ಟಿರಾಯ್ಡ್ ಆರಂಭಿಸಿ ಮೂರನೆಯ ದಿನದ ಸುಮಾರಿಗೆ ಪರಿಣಾಮವನ್ನು ಅಳೆಯುತ್ತಾರೆ. ಫಲ ಕಾಣದಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಸೈಕ್ಲೋಸ್ಪೋರಿನ್, ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ದಾಖಲಾದ ಮೊದಲ ದಿನಗಳಲ್ಲೇ ಶಸ್ತ್ರಚಿಕಿತ್ಸಕರು ಬಂದು ಮಾತಾಡಿಸಿದರೆ ಗಾಬರಿಯಾಗಬೇಕಿಲ್ಲ. ನಿರ್ಧಾರವಾಗಿಬಿಟ್ಟಿದೆ ಎಂದು ಅದರ ಅರ್ಥವಲ್ಲ. ಅಗತ್ಯ ಬಿದ್ದ ದಿನ ಅಪರಿಚಿತರೊಬ್ಬರು ಬಂದು ಸಹಿ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಪೋಷಣೆ: ಎಲ್ಲಕ್ಕಿಂತ ಮೊದಲು ಇದು

ತಯಾರಿಯ ಪಟ್ಟಿಯಲ್ಲಿ ಒಂದನ್ನಷ್ಟೇ ಆರಿಸಿ ಎಂದರೆ ನಾನು ಪೋಷಣೆಯನ್ನೇ ಆರಿಸುತ್ತೇನೆ. ಆರು ತಿಂಗಳಲ್ಲಿ ದೇಹತೂಕದ ಶೇ. 10ಕ್ಕಿಂತ ಹೆಚ್ಚು ಇಳಿದಿದ್ದರೆ, ಬಿಎಂಐ 18.5ಕ್ಕಿಂತ ಕಡಿಮೆ ಇದ್ದರೆ, ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನ್ ಪ್ರತಿ ಡೆಸಿಲೀಟರಿಗೆ 3 ಗ್ರಾಂಗಿಂತ ಕೆಳಗಿದ್ದರೆ ಶಸ್ತ್ರಚಿಕಿತ್ಸೆಯ ತೊಡಕುಗಳು ಏರುತ್ತವೆ. ಅಲ್ಬುಮಿನ್ ವಿಷಯದಲ್ಲಿ ಒಂದು ಎಚ್ಚರಿಕೆ: ಅದು ಊಟದ ಕೊರತೆಯಿಂದಷ್ಟೇ ಅಲ್ಲ, ಉರಿಯೂತದಿಂದಲೂ ಇಳಿಯುತ್ತದೆ. ಆದ್ದರಿಂದ ಉರಿಯೂತ ತಣಿಯದೆ ಬರೀ ಪ್ರೋಟೀನ್ ಪುಡಿಯಿಂದ ಅದನ್ನು ಏರಿಸುತ್ತೇನೆ ಎಂದು ಹೊರಟರೆ ನಿರಾಶೆಯಾಗುತ್ತದೆ.

ಕಾಯಿಲೆ ಸಕ್ರಿಯವಾಗಿರುವಾಗ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಎನ್ನುವುದು ಸಾಮಾನ್ಯ ಸಲಹೆ. 50 ಕಿಲೋ ತೂಕದವರಿಗೆ ಅದು 60ರಿಂದ 75 ಗ್ರಾಂ. ಹೊಟ್ಟೆನೋವಿಗೆ ಹೆದರಿ ಒಂದೊಂದೇ ಆಹಾರವನ್ನು ಬಿಡುತ್ತಾ ಬಂದವರಿಗೆ ಇದು ಸುಲಭದ ಮಾತಲ್ಲ, ಆದ್ದರಿಂದಲೇ ಆಹಾರತಜ್ಞರ ನೆರವು ಬೇಕು. ಕ್ರೋನ್ಸ್‌ನಲ್ಲಿ ಇನ್ನೊಂದು ದಾರಿಯೂ ಇದೆ: ಕೆಲವು ವಾರ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ಮಾಮೂಲಿ ಊಟವನ್ನು ಪೂರ್ತಿ ನಿಲ್ಲಿಸಿ ಎಲ್ಲ ಪೋಷಕಾಂಶಗಳಿರುವ ದ್ರವ ಆಹಾರವನ್ನಷ್ಟೇ ತೆಗೆದುಕೊಳ್ಳುವುದು. ಇದು ತೂಕ ಏರಿಸುವುದರ ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತದೆ. ಸ್ಟಿರಾಯ್ಡ್ ಕಡಿಮೆ ಮಾಡಲು ಅವಕಾಶ ಸಿಗುತ್ತದೆ, ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯವೇ ತಪ್ಪಿದ್ದೂ ಉಂಟು. ರುಚಿ ಬೇಸರ ತರಿಸುತ್ತದೆ, ಸುಳ್ಳು ಹೇಳುವುದು ಬೇಡ. ತಣ್ಣಗೆ ಮಾಡಿ, ಸಣ್ಣ ಗುಟುಕುಗಳಲ್ಲಿ ದಿನವಿಡೀ ಹಂಚಿಕೊಂಡು ಕುಡಿದರೆ ಸಹಿಸಬಹುದು ಎನ್ನುತ್ತಾರೆ ಅದನ್ನು ದಾಟಿಬಂದವರು.

ಕರುಳು ಕೆಲಸವನ್ನೇ ಮಾಡದಿದ್ದಾಗ ಮಾತ್ರ ರಕ್ತನಾಳದ ಮೂಲಕ ಪೋಷಣೆ. ತೀರಾ ಸೊರಗಿದವರು ಒಮ್ಮೆಲೇ ಹೆಚ್ಚು ತಿನ್ನಲು ಹೊರಡುವುದೂ ಅಪಾಯ. ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಮಟ್ಟ ದಿಢೀರ್ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ಅಂಥವರಿಗೆ ಆಹಾರವನ್ನು ರಕ್ತಪರೀಕ್ಷೆ ನೋಡುತ್ತಾ ಮೆಲ್ಲಗೆ ಏರಿಸುತ್ತಾರೆ.

ರಕ್ತಹೀನತೆಯನ್ನೂ ಈ ವಾರಗಳಲ್ಲೇ ನೀಗಿಸಬೇಕು. ಕಬ್ಬಿಣಾಂಶದ ಮಾತ್ರೆ ಕಾಯಿಲೆ ಸಕ್ರಿಯವಾಗಿರುವಾಗ ಸರಿಯಾಗಿ ಹೀರಿಕೆಯಾಗುವುದಿಲ್ಲ, ಹೊಟ್ಟೆಯನ್ನೂ ಕೆಡಿಸುತ್ತದೆ. ಹಾಗಾಗಿ ರಕ್ತನಾಳಕ್ಕೆ ನೇರವಾಗಿ ಕೊಡುವ ಕಬ್ಬಿಣಾಂಶಕ್ಕೆ ಆದ್ಯತೆ. ಅದು ಹಿಮೋಗ್ಲೋಬಿನ್ ಆಗಿ ಬದಲಾಗಲು ಎರಡರಿಂದ ನಾಲ್ಕು ವಾರ ಬೇಕು, ಹಿಂದಿನ ದಿನ ನೆನಪಾದರೆ ಪ್ರಯೋಜನವಿಲ್ಲ. ದೇಹದ ಕಬ್ಬಿಣಾಂಶದ ದಾಸ್ತಾನನ್ನು ತೋರಿಸುವ ಫೆರಿಟಿನ್ ವರದಿ ನೋಡುವಾಗಲೂ ಜಾಗ್ರತೆ ಬೇಕು: ಉರಿಯೂತವಿದ್ದಾಗ ಫೆರಿಟಿನ್ ಸುಳ್ಳೇ ಏರುವುದರಿಂದ 100ರವರೆಗಿನ ಸಂಖ್ಯೆಯೂ ಕೊರತೆಯನ್ನು ಮುಚ್ಚಿಟ್ಟಿರಬಹುದು. ಸಣ್ಣ ಕರುಳಿನ ಕೊನೆಯ ಭಾಗ ಹಾಳಾಗಿದ್ದರೆ ಬಿ12 ಕೂಡ ನೋಡಿಸಬೇಕು.

ಔಷಧಗಳು: ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ

ಶಸ್ತ್ರಚಿಕಿತ್ಸೆ ನಿಗದಿಯಾದ ಕೂಡಲೇ ಕೆಲವರು ಎಲ್ಲ ಮಾತ್ರೆಗಳನ್ನೂ ಬದಿಗಿಡುತ್ತಾರೆ. ಇನ್ನು ಕೆಲವರು ಎಲ್ಲವನ್ನೂ ಕೇಳದೆಯೇ ಮುಂದುವರಿಸುತ್ತಾರೆ. ಎರಡರಲ್ಲೂ ಅಪಾಯವಿದೆ, ಏಕೆಂದರೆ ಒಂದೊಂದು ಔಷಧದ ನಿಯಮ ಒಂದೊಂದು ಬಗೆ.

ಸ್ಟಿರಾಯ್ಡ್ ಅತ್ಯಂತ ಸೂಕ್ಷ್ಮ ವಿಷಯ. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೋಲೋನ್ ಅನ್ನು ಆರು ವಾರಕ್ಕಿಂತ ಹೆಚ್ಚು ಕಾಲ ತೆಗೆದುಕೊಂಡವರಲ್ಲಿ ಸೋಂಕು, ಕರುಳು ಜೋಡಿಸಿ ಹೊಲಿದ ಜಾಗದ ಸೋರಿಕೆಯಂಥ ತೊಡಕುಗಳು ಹೆಚ್ಚು. ಆದ್ದರಿಂದ ಸಮಯವಿದ್ದರೆ ಪ್ರಮಾಣವನ್ನು ಮೊದಲೇ ಇಳಿಸಲು ವೈದ್ಯರು ಪ್ರಯತ್ನಿಸುತ್ತಾರೆ. ಆದರೆ ಇಳಿಸುವುದು ಬೇರೆ, ನಿಲ್ಲಿಸುವುದು ಬೇರೆ. ನಮ್ಮ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಸಹಜವಾಗಿ ಕಾರ್ಟಿಸೋಲ್ ತಯಾರಿಸುತ್ತವೆ. ಹೊರಗಿನಿಂದ ವಾರಗಟ್ಟಲೆ ಸ್ಟಿರಾಯ್ಡ್ ಬಂದರೆ ಅವು ಕೆಲಸ ಕಡಿಮೆ ಮಾಡುತ್ತವೆ. ಶಸ್ತ್ರಚಿಕಿತ್ಸೆಯ ದಿನ ದೇಹಕ್ಕೆ ಮಾಮೂಲಿಗಿಂತ ಹೆಚ್ಚು ಕಾರ್ಟಿಸೋಲ್ ಬೇಕಾಗುತ್ತದೆ. ಮಾತ್ರೆ ನಿಂತಿದ್ದು ಗ್ರಂಥಿಯೂ ಎಚ್ಚರಗೊಳ್ಳದಿದ್ದರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ಇದನ್ನು ತಪ್ಪಿಸಲು ಅರಿವಳಿಕೆ ತಜ್ಞರು ಆ ದಿನ ಹೈಡ್ರೋಕಾರ್ಟಿಸೋನ್ ಚುಚ್ಚುಮದ್ದು ಕೊಡುತ್ತಾರೆ. ಅವರಿಗೆ ಮಾಹಿತಿ ಬೇಕು: ದಿನಕ್ಕೆ 5 ಮಿಲಿಗ್ರಾಂನಷ್ಟೇ ಆದರೂ ನಾಲ್ಕು ವಾರ ತೆಗೆದುಕೊಂಡಿದ್ದರೆ ಹೇಳಲೇಬೇಕು. ಕೆಲವು ತಿಂಗಳ ಹಿಂದೆ ನಿಲ್ಲಿಸಿದ್ದನ್ನೂ ಹೇಳಬೇಕು.

ಬಯಾಲಾಜಿಕ್ ಔಷಧಗಳ, ಅಂದರೆ ಜೀವಕೋಶಗಳಿಂದ ತಯಾರಿಸಿ ಚುಚ್ಚುಮದ್ದಾಗಿ ಕೊಡುವ ಉರಿಯೂತ ನಿರೋಧಕಗಳ, ಬಗ್ಗೆ ಅಭಿಪ್ರಾಯ ಈಚೆಗೆ ಬಹಳ ಬದಲಾಗಿದೆ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್‌ಗಳಂಥವು ಸೋಂಕನ್ನು ಹೆಚ್ಚಿಸುತ್ತವೆ ಎಂಬ ಭಯದಿಂದ ವಾರಗಟ್ಟಲೆ ನಿಲ್ಲಿಸಿ ಕಾಯುವ ಪದ್ಧತಿ ಇತ್ತು. 2022ರಲ್ಲಿ ಪ್ರಕಟವಾದ ಪುಚಿನಿ ಅಧ್ಯಯನದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಒಳಗಾದ 947 ಐಬಿಡಿ ರೋಗಿಗಳನ್ನು ಗಮನಿಸಿದರು. ಹಿಂದಿನ 12 ವಾರಗಳಲ್ಲಿ ಈ ಬಗೆಯ ಔಷಧ ಪಡೆದವರಲ್ಲಿ ಸೋಂಕು ಹೆಚ್ಚಾಗಿರಲಿಲ್ಲ. ವೆಡೋಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್‌ಗಳ ವಿಷಯದಲ್ಲೂ ಇವುಗಳಿಗಾಗಿಯೇ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಿಲ್ಲ ಎಂಬ ಕಡೆಗೇ ತಜ್ಞರ ಒಲವು. ಕಾಯಿಲೆ ಮತ್ತೆ ಭುಗಿಲೆದ್ದು ಸ್ಟಿರಾಯ್ಡ್ ಏರಿಸಬೇಕಾದರೆ ಅದರಿಂದಾಗುವ ನಷ್ಟವೇ ಹೆಚ್ಚು. ಮುಂದಿನ ಡೋಸು ಯಾವಾಗ, ಶಸ್ತ್ರಚಿಕಿತ್ಸೆ ಯಾವಾಗ ಎಂಬುದನ್ನು ಕರುಳಿನ ವೈದ್ಯರು ಮತ್ತು ಶಸ್ತ್ರಚಿಕಿತ್ಸಕರು ಕೂತು ಹೊಂದಿಸಬೇಕು. ಇಬ್ಬರೂ ಮಾತಾಡಿಕೊಂಡಿದ್ದಾರೆ ಎಂದು ಊಹಿಸಿಕೊಳ್ಳಬೇಡಿ, ಕೇಳಿ.

ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಅಜಾಥಿಯೋಪ್ರಿನ್ ಮಾತ್ರೆಯನ್ನು ಸಾಮಾನ್ಯವಾಗಿ ಮುಂದುವರಿಸಬಹುದು. ಟೋಫಾಸಿಟಿನಿಬ್‌, ಉಪಾಡಾಸಿಟಿನಿಬ್‌ಗಳಂಥ ಮಾತ್ರೆಗಳು ದೇಹದಿಂದ ಬೇಗ ಹೊರಹೋಗುತ್ತವೆ. ಅವುಗಳಿಗೆ ರಕ್ತ ಹೆಪ್ಪುಗಟ್ಟುವ ಅಪಾಯದ ನಂಟೂ ಇರುವುದರಿಂದ ಕೆಲವು ದಿನ ಮುಂಚೆ ನಿಲ್ಲಿಸಲು ಹೇಳುವುದುಂಟು. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವುನಿವಾರಕಗಳು ಐಬಿಡಿಯನ್ನು ಕೆರಳಿಸಬಹುದು, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತವೆ ಎಂದು ನುಂಗಬಾರದು. ಗಿಡಮೂಲಿಕೆಯ ಔಷಧಗಳ ಹೆಸರನ್ನೂ ಪಟ್ಟಿಯಲ್ಲಿ ಬರೆಯಿರಿ. ವೈದ್ಯರು ಬೈಯುತ್ತಾರೆಂದು ಮುಚ್ಚಿಡುವ ಈ ಸಾಲೇ ಕೆಲವೊಮ್ಮೆ ರಕ್ತಸ್ರಾವಕ್ಕೆ ಕಾರಣವಾಗಿರುತ್ತದೆ.

ಕಾಲಿನ ರಕ್ತನಾಳದಲ್ಲಿ ಅಡಗಿರುವ ಅಪಾಯ

ಮಲದಲ್ಲಿ ರಕ್ತ ಹೋಗುತ್ತಿರುವವರಿಗೆ ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಕೊಡುತ್ತಾರೆ ಎಂದರೆ ಮನೆಯವರು ಬೆಚ್ಚಿಬೀಳುತ್ತಾರೆ. ಆದರೆ ಐಬಿಡಿ ಇರುವವರಲ್ಲಿ ರಕ್ತನಾಳದೊಳಗೆ ಹೆಪ್ಪುಗಟ್ಟುವ ಅಪಾಯ ಇತರರಿಗಿಂತ ಎರಡು ಮೂರು ಪಟ್ಟು. ಉರಿಯೂತವೇ ರಕ್ತವನ್ನು ಹೆಪ್ಪುಗಟ್ಟುವ ಕಡೆಗೆ ತಳ್ಳುತ್ತದೆ. ಅದರ ಮೇಲೆ ಶಸ್ತ್ರಚಿಕಿತ್ಸೆ, ಹಾಸಿಗೆಯಲ್ಲಿ ಮಲಗಿರುವುದು, ನೀರಿನಂಶದ ಕೊರತೆ ಎಲ್ಲ ಸೇರುತ್ತವೆ. ಕಾಲಿನಲ್ಲಿ ಕಟ್ಟಿದ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಆದ್ದರಿಂದ ಕೊಲೈಟಿಸ್‌ನ ಮಾಮೂಲಿ ರಕ್ತಸ್ರಾವ ಈ ಚುಚ್ಚುಮದ್ದಿಗೆ ಅಡ್ಡಿಯಲ್ಲ. ಮನೆಗೆ ಹೋದ ಮೇಲೂ ನಾಲ್ಕು ವಾರಗಳವರೆಗೆ ಮುಂದುವರಿಸಲು ಹೇಳಬಹುದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು, ಬದಲಿ ವಿಧಾನ ಬೇಕಾಗಬಹುದು.

ಧೂಮಪಾನದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯ ಮಾಯುವುದರಲ್ಲೂ ಶ್ವಾಸಕೋಶದಲ್ಲೂ ವ್ಯತ್ಯಾಸ ಕಾಣುತ್ತದೆ. ಕ್ರೋನ್ಸ್ ಇರುವವರಲ್ಲಿ ಸೇದುವುದನ್ನು ಮುಂದುವರಿಸಿದರೆ ಕಾಯಿಲೆ ಮರುಕಳಿಸುವ, ಮತ್ತೆ ಶಸ್ತ್ರಚಿಕಿತ್ಸೆಗೆ ಒಳಗಾಗುವ ಸಂಭವ ಹೆಚ್ಚು. ದಿನವೂ ನಡೆಯುವುದು, ದೀರ್ಘವಾಗಿ ಉಸಿರೆಳೆದು ಬಿಡುವ ಅಭ್ಯಾಸ ಕೂಡ ಈ ವಾರಗಳಲ್ಲೇ ಶುರುವಾಗಲಿ.

ಸ್ಟೋಮಾ: ಮಾತಾಡದೆ ಉಳಿದರೆ ಭಯ ಬೆಳೆಯುತ್ತದೆ

ರೋಗಿಗಳು ಅತಿ ಹೆಚ್ಚು ಹೆದರುವುದು ಕತ್ತರಿಸುವುದಕ್ಕಲ್ಲ, ಹೊಟ್ಟೆಯ ಮೇಲೆ ಬರುವ ಚೀಲಕ್ಕೆ. ಆ ಭಯವನ್ನು ಹಗುರವಾಗಿ ತಳ್ಳಿಹಾಕುವವರ ಮೇಲೆ ನನಗೆ ಸಿಟ್ಟಿದೆ. ದೇಹದ ಬಗ್ಗೆ, ಬಟ್ಟೆಯ ಬಗ್ಗೆ, ಸಂಗಾತಿಯ ಬಗ್ಗೆ, ವಾಸನೆಯ ಬಗ್ಗೆ ಏಳುವ ಪ್ರಶ್ನೆಗಳೆಲ್ಲ ನ್ಯಾಯವಾದವು. ಉತ್ತರಗಳೂ ಇವೆ, ಅವು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸಿಗಬೇಕು.

ಸ್ಟೋಮಾ ಎಂದರೆ ಹೊಟ್ಟೆಯ ಮೇಲೆ ಕಾಣುವ ಕರುಳಿನ ತುದಿ. ಕೆಂಪಗೆ, ಒದ್ದೆಯಾಗಿ ಇರುತ್ತದೆ, ಮುಟ್ಟಿದರೆ ನೋಯುವುದಿಲ್ಲ. ಶುರುವಿನಲ್ಲಿ ಊದಿಕೊಂಡಿದ್ದು ಆರೆಂಟು ವಾರಗಳಲ್ಲಿ ಕುಗ್ಗುತ್ತದೆ. ಸಣ್ಣ ಕರುಳಿನಿಂದ ಬರುವ ದ್ರವ ಚರ್ಮವನ್ನು ಸುಡುವಂಥದ್ದು. ಹಿಂದೆ ಇದೇ ದೊಡ್ಡ ಗೋಳಾಗಿತ್ತು. ಬ್ರಿಟಿಷ್ ಶಸ್ತ್ರಚಿಕಿತ್ಸಕ ಬ್ರಯನ್ ಬ್ರೂಕ್ 1952ರಲ್ಲಿ ಕರುಳಿನ ತುದಿಯನ್ನು ಹೊರಮಡಿಸಿ ಚರ್ಮದಿಂದ ತುಸು ಮೇಲೆದ್ದು ನಿಲ್ಲುವಂತೆ ಹೊಲಿಯುವ ವಿಧಾನವನ್ನು ವಿವರಿಸಿದರು. ದ್ರವ ನೇರವಾಗಿ ಚೀಲದೊಳಗೆ ಬೀಳುವಂತಾಯಿತು. ಇವತ್ತಿಗೂ ಸಣ್ಣ ಕರುಳಿನ ಸ್ಟೋಮಾ ಮಾಡುವುದು ಹಾಗೆಯೇ.

ಜಾಗದ ಆಯ್ಕೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಸ್ಟೋಮಾ ನರ್ಸ್ ಮುಂಚಿತವಾಗಿ ನಿಮ್ಮನ್ನು ನಿಲ್ಲಿಸಿ, ಕೂರಿಸಿ, ಮಲಗಿಸಿ, ಬಾಗಿಸಿ ನೋಡಿ ಹೊಟ್ಟೆಯ ಮೇಲೆ ಗುರುತು ಹಾಕುತ್ತಾರೆ. ಮಡಿಕೆಗಳು, ಹಳೆಯ ಗಾಯದ ಗುರುತುಗಳು, ಎಲುಬಿನ ಅಂಚು, ಬೆಲ್ಟ್ ಅಥವಾ ಉಡುಪಿನ ಕಟ್ಟು ಬರುವ ಗೆರೆ ಇವುಗಳಿಂದ ದೂರ, ನಿಮ್ಮ ಕಣ್ಣಿಗೆ ಕಾಣುವಲ್ಲಿ, ಕೈಗೆ ಎಟಕುವಲ್ಲಿ ಅದು ಇರಬೇಕು. ಮಲಗಿದಾಗ ಸಪಾಟಾಗಿ ಕಾಣುವ ಹೊಟ್ಟೆ ಕೂತಾಗ ಮಡಿಕೆ ಬೀಳುತ್ತದೆ. ಆ ಮಡಿಕೆಯಲ್ಲಿ ಸ್ಟೋಮಾ ಬಂದರೆ ಚೀಲ ಅಂಟಿ ನಿಲ್ಲುವುದಿಲ್ಲ, ಸೋರುತ್ತದೆ, ಚರ್ಮ ಹುಣ್ಣಾಗುತ್ತದೆ. ಆ ದಿನ ಮಾಮೂಲಿಯಾಗಿ ತೊಡುವ ಬಟ್ಟೆಯಲ್ಲೇ ಹೋಗಿ. ಸ್ಟೋಮಾ ಬೇಕಾಗುವ ಸಂಭವ ಕಡಿಮೆ ಎಂದಿದ್ದರೂ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು. ಹಾಕಿದ ಮಾತ್ರಕ್ಕೆ ಆಗಿಯೇ ತೀರುತ್ತದೆ ಎಂದಲ್ಲ.

ಚೀಲವೊಂದನ್ನು ಮನೆಗೆ ಒಯ್ದು, ಸ್ವಲ್ಪ ನೀರು ತುಂಬಿಸಿ, ಅಂಟಿಸಿಕೊಂಡು ಒಂದು ದಿನ ಓಡಾಡಿ ನೋಡಬಹುದು. ಸ್ಟೋಮಾದೊಂದಿಗೆ ಬದುಕುತ್ತಿರುವ ಒಬ್ಬರ ಜೊತೆ ಅರ್ಧ ಗಂಟೆ ಮಾತಾಡಿದರೆ ಹತ್ತು ಕರಪತ್ರಗಳನ್ನು ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ. ಪೌಚ್ ಆರಿಸಿಕೊಳ್ಳುವವರೂ ವಾಸ್ತವವನ್ನು ತಿಳಿದಿರಬೇಕು. ದಿನಕ್ಕೆ ನಾಲ್ಕರಿಂದ ಎಂಟು ಬಾರಿ ಶೌಚಕ್ಕೆ ಹೋಗುವುದು ಅಲ್ಲಿ ಸಹಜ. ಪೌಚ್‌ಗೇ ಉರಿಯೂತ ಬರುವುದೂ ಅಪರೂಪವಲ್ಲ. ಸ್ಟೋಮಾ ಸೋತವರ ಆಯ್ಕೆ, ಪೌಚ್ ಗೆದ್ದವರ ಆಯ್ಕೆ ಎಂಬ ಹಂಚಿಕೆ ಸರಿಯಲ್ಲ. ಶೌಚಾಲಯದ ಸುತ್ತಲೇ ಬದುಕು ಗಿರಕಿ ಹೊಡೆಯುತ್ತಿದ್ದ ಎಷ್ಟೋ ಮಂದಿಗೆ ಸ್ಟೋಮಾವೇ ಬಿಡುಗಡೆ ಕೊಟ್ಟಿದೆ.

ಕೇಳಲು ಸಂಕೋಚ, ಹೇಳಲು ಮರೆವು

ಶ್ರೋಣಿಯ ಆಳದಲ್ಲಿ, ಗುದನಾಳದ ಸುತ್ತ ನಡೆಯುವ ಶಸ್ತ್ರಚಿಕಿತ್ಸೆ ಲೈಂಗಿಕ ಕ್ರಿಯೆಗೆ ಬೇಕಾದ ನರಗಳ ಪಕ್ಕದಲ್ಲೇ ಸಾಗುತ್ತದೆ. ಮಹಿಳೆಯರಲ್ಲಿ ಪೌಚ್ ಶಸ್ತ್ರಚಿಕಿತ್ಸೆಯ ನಂತರ ಒಳಗೆ ಅಂಟುಗಳು ಬೆಳೆದು ಗರ್ಭ ಧರಿಸುವುದು ಕಷ್ಟವಾಗಬಹುದು. ಲ್ಯಾಪರೊಸ್ಕೋಪಿಯಲ್ಲಿ ಈ ಪರಿಣಾಮ ಕಡಿಮೆ. ಮಕ್ಕಳ ಯೋಚನೆ ಇರುವವರು ಪೌಚ್ ಹಂತವನ್ನು ಆಮೇಲೆ ಇಟ್ಟುಕೊಳ್ಳಬಹುದೇ ಎಂದು ಚರ್ಚಿಸಬಹುದು. ವೈದ್ಯರು ತಾವಾಗಿ ಎತ್ತದಿದ್ದರೆ ನೀವೇ ಎತ್ತಿ. ಸಹಿ ಹಾಕಿದ ಮೇಲೆ ಕೇಳುವ ಪ್ರಶ್ನೆಯಲ್ಲ ಇದು.

ಅರಿವಳಿಕೆ ತಜ್ಞರಿಗೆ ಹೇಳಬೇಕಾದ, ಬಹಳ ಮಂದಿ ಮರೆಯುವ ಒಂದು ಸಂಗತಿ ಕತ್ತಿನ ಬಿಗಿತ. ಐಬಿಡಿಯ ಜೊತೆಗೆ ಬೆನ್ನೆಲುಬಿನ ಉರಿಯೂತವೂ ಕೆಲವರಿಗೆ ಇರುತ್ತದೆ. ಕತ್ತು ಹಿಂದಕ್ಕೆ ಬಾಗದಿದ್ದರೆ ಉಸಿರಾಟದ ಕೊಳವೆ ಇಳಿಸುವುದು ಕಠಿಣ, ಅವರು ಬೇರೆ ಉಪಕರಣಗಳನ್ನು ಸಿದ್ಧವಿಟ್ಟುಕೊಳ್ಳಬೇಕು. ಹೊಟ್ಟೆಗೂ ಕತ್ತಿಗೂ ಏನು ಸಂಬಂಧ ಎಂದು ಸುಮ್ಮನಿರಬೇಡಿ.

ಕೊನೆಯ ದಿನಗಳು

ಕರುಳು ಶುಚಿ ಮಾಡುವ ಭೇದಿ ಔಷಧವನ್ನು ಎಲ್ಲರಿಗೂ ಕೊಡುವುದಿಲ್ಲ. ಕರುಳು ಕಿರಿದಾಗಿರುವವರು ತಂಡದ ಸ್ಪಷ್ಟ ಸೂಚನೆಯಿಲ್ಲದೆ ಅದನ್ನು ಕುಡಿಯಬಾರದು. ಮುಂದೆ ಹೋಗಲು ದಾರಿಯಿಲ್ಲದೆ ಕರುಳು ಊದಿ ತೂತಾಗುವ ಅಪಾಯವಿದೆ. ಹಿಂದಿನ ರಾತ್ರಿಯಿಂದ ಹನಿ ನೀರೂ ಇಲ್ಲ ಎಂಬ ಹಳೆಯ ನಿಯಮ ಈಗ ಸಡಿಲವಾಗಿದೆ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ರೂಪಿಸಿದ ಶೀಘ್ರ ಚೇತರಿಕೆಯ ಕ್ರಮಗಳಿಂದ ಬೆಳೆದ ಪದ್ಧತಿಯಲ್ಲಿ ಘನ ಆಹಾರ ಆರು ಗಂಟೆ ಮುಂಚೆ ನಿಂತರೆ ಸಾಕು, ತಿಳಿಯಾದ ದ್ರವವನ್ನು ಎರಡು ಗಂಟೆ ಮುಂಚಿನವರೆಗೂ ಕುಡಿಯಬಹುದು. ಕರುಳಿನಲ್ಲಿ ಅಡಚಣೆ ಇರುವವರಿಗೆ ಈ ಸಡಿಲಿಕೆ ಅನ್ವಯಿಸುವುದಿಲ್ಲ. ಅದೇ ದಿನ ಅಥವಾ ಮರುದಿನ ಎದ್ದು ನಡೆಸುವುದು, ಬೇಗ ಊಟ ಕೊಡುವುದು, ಕರುಳನ್ನು ಮಂಕಾಗಿಸುವ ಮಾರ್ಫಿನ್ ಬಗೆಯ ಔಷಧಗಳನ್ನು ಮಿತವಾಗಿ ಬಳಸುವುದು ಇದೇ ಪದ್ಧತಿಯ ಭಾಗ. ಆಪರೇಷನ್ ಆದವರನ್ನು ಎಬ್ಬಿಸುತ್ತಿದ್ದಾರಲ್ಲ ಎಂದು ಮನೆಯವರು ಜಗಳಕ್ಕೆ ಹೋಗದಿದ್ದರೆ ಸಾಕು.

ಆಮೇಲಿನದನ್ನು ಈಗಲೇ ಬರೆದಿಟ್ಟುಕೊಳ್ಳಿ

ಆಸ್ಪತ್ರೆಯಿಂದ ಬಿಡುವಾಗ ಹೇಳುವುದು ತಲೆಗೆ ಹೋಗುವುದಿಲ್ಲ. ಹಾಗಾಗಿ ನಂತರದ ಯೋಜನೆಯನ್ನೂ ಮೊದಲೇ ಕೇಳಿಟ್ಟುಕೊಳ್ಳುವುದು ಜಾಣತನ.

ಸಣ್ಣ ಕರುಳಿನ ಸ್ಟೋಮಾ ಆದವರು ಮತ್ತೆ ಆಸ್ಪತ್ರೆ ಸೇರಲು ದೊಡ್ಡ ಕಾರಣ ನಿರ್ಜಲೀಕರಣ. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೊರಬರುತ್ತಿದ್ದರೆ, ಮೂತ್ರ ಕಡಿಮೆಯಾಗಿ ಗಾಢವಾಗಿದ್ದರೆ ತಡಮಾಡದೆ ಕರೆ ಮಾಡಬೇಕು. ಬಾಯಾರಿಕೆಯೆಂದು ಬರೀ ನೀರನ್ನೇ ಹೆಚ್ಚು ಹೆಚ್ಚು ಕುಡಿದರೆ ಸೋಡಿಯಂ ಇನ್ನಷ್ಟು ಹೊರಹೋಗುತ್ತದೆ. ಇಲ್ಲಿ ಬೇಕಾದದ್ದು ಉಪ್ಪು ಮತ್ತು ಸಕ್ಕರೆ ಸರಿಯಾದ ಪ್ರಮಾಣದಲ್ಲಿರುವ ಓಆರ್‌ಎಸ್. ಕೆಲವು ಲೇಪಿತ ಮಾತ್ರೆಗಳು ಕರಗದೆ ಇಡಿಯಾಗಿ ಚೀಲಕ್ಕೆ ಬೀಳುವುದುಂಟು, ಹಾಗೆ ಕಂಡರೆ ಹೇಳಿ, ಬದಲಾಯಿಸುತ್ತಾರೆ.

ಕ್ರೋನ್ಸ್ 'ವಾಸಿಯಾಯಿತು' ಎಂದು ಔಷಧ ಬಿಡುವುದು ಸಾಮಾನ್ಯವಾಗಿ ಕಾಣುವ ಎಡವಟ್ಟು. ಚೆನ್ನಾಗಿದ್ದೇನೆ ಎನ್ನಿಸುತ್ತಿರುವಾಗಲೇ ಜೋಡಣೆಯ ಜಾಗದಲ್ಲಿ ಹೊಸ ಹುಣ್ಣುಗಳು ಸದ್ದಿಲ್ಲದೆ ಏಳುತ್ತವೆ. ಆದ್ದರಿಂದ ಆರರಿಂದ ಹನ್ನೆರಡು ತಿಂಗಳೊಳಗೆ ಕೊಲೊನೊಸ್ಕೋಪಿ ಮಾಡಿ ನೋಡುತ್ತಾರೆ. ಅಪಾಯ ಹೆಚ್ಚಿರುವವರಿಗೆ ಅದಕ್ಕೂ ಮೊದಲೇ ಔಷಧ ಆರಂಭಿಸುತ್ತಾರೆ. ಯಾವ ಔಷಧ, ಯಾವ ವಾರದಿಂದ ಎಂಬುದು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಾಗದದ ಮೇಲಿರಲಿ. ಇದಕ್ಕೆ ಪ್ರತಿಯಾಗಿ, ಸಣ್ಣ ಕರುಳಿನ ಕೊನೆಯ ಭಾಗ ತೆಗೆದವರಿಗೆ ಆಗುವ ನೀರು ಭೇದಿಯೆಲ್ಲವೂ ಕಾಯಿಲೆಯ ಮರುಕಳಿಕೆಯಲ್ಲ. ಅಲ್ಲಿ ಹೀರಿಕೆಯಾಗಬೇಕಿದ್ದ ಪಿತ್ತದ ಲವಣಗಳು ದೊಡ್ಡ ಕರುಳಿಗೆ ಇಳಿದು ಭೇದಿ ಮಾಡಿಸುತ್ತವೆ, ಅದಕ್ಕೆ ಬೇರೆಯೇ ಮದ್ದಿದೆ.

ಶಸ್ತ್ರಚಿಕಿತ್ಸೆ ಕರುಳಿನದ್ದೇ ಆಗಿರಬೇಕೆಂದಿಲ್ಲ. ಐಬಿಡಿ ಇರುವವರಿಗೂ ಪಿತ್ತಕೋಶದ ಕಲ್ಲಾಗುತ್ತದೆ, ಸೊಂಟದ ಕೀಲು ಸವೆಯುತ್ತದೆ. ಅಲ್ಲಿನ ವೈದ್ಯರು ಕರುಳಿನ ಕಾಯಿಲೆಯನ್ನು ದಿನವೂ ನೋಡುವವರಲ್ಲ, ಹಾಗಾಗಿ ಸ್ಟಿರಾಯ್ಡ್, ಬಯಾಲಾಜಿಕ್, ಹೆಪ್ಪುಗಟ್ಟುವ ಅಪಾಯ ಈ ಮೂರನ್ನೂ ನೆನಪಿಸುವ ಕೆಲಸ ರೋಗಿಯದ್ದಾಗುತ್ತದೆ. ಔಷಧಗಳ ಹೆಸರು, ಪ್ರಮಾಣ, ಕೊನೆಯ ಡೋಸಿನ ದಿನಾಂಕ, ಹಿಂದಿನ ಶಸ್ತ್ರಚಿಕಿತ್ಸೆಗಳ ವಿವರ, ಕರುಳಿನ ವೈದ್ಯರ ಫೋನ್ ಸಂಖ್ಯೆ ಇರುವ ಒಂದು ಹಾಳೆಯನ್ನು ಕೈಯಲ್ಲಿಟ್ಟುಕೊಂಡು ಹೋಗಿ. ಹಲ್ಲು ಕೀಳಿಸಲು ಹೋದಾಗಲೂ ಅದೇ ಹಾಳೆಯನ್ನು ತೋರಿಸಿ, ನೋವಿಗೆ ಐಬುಪ್ರೊಫೆನ್ ಬರೆದುಕೊಟ್ಟರೆ ಪ್ಯಾರಸಿಟಮಾಲ್ ಸಾಲದೇ ಎಂದು ಅಲ್ಲೇ ಕೇಳಿ.